ಮೇ ತಿಂಗಳ ಬಣ್ಣ

ಪುಣೆ ನಗರದ ಒಡಲೊಳಗೇ ಇರುವ ಬೆಟ್ಟಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ವೇತಾಳ ಟೇಕಡಿ. ಮೇ ತಿಂಗಳ ಬೆಳಿಗ್ಗೆ ಆರಕ್ಕೆ ಅದನ್ನು ಹತ್ತಿದರೆ ಕಾಲಡಿಯ ಹುಲ್ಲು ಹಳೇ ಗೋಣಿಚೀಲದ ಬಣ್ಣಕ್ಕೆ ತಿರುಗಿರುತ್ತದೆ. ಹಿಂದಿನ ದಿನದ ಬಿಸಿಲು ಕರಿಕಲ್ಲಿನಲ್ಲಿ ಇನ್ನೂ ಉಳಿದಿರುತ್ತದೆ. ಎಲೆ ಕಳಚಿ ನಿಂತ ಮರಗಳ ನಡುವೆ ನವಿಲು ಕೂಗುತ್ತದೆ. ತುದಿಯಲ್ಲಿ ನಿಂತು ನೋಡಿದರೆ ಒಂದು ಕಡೆ ಕೊಥ್ರೂಡ, ಇನ್ನೊಂದು ಕಡೆ ಪಾಷಾಣ, ಅದರಾಚೆ ಬಾಣೇರ. ಕಟ್ಟಡಗಳ ಸಂದಿಯಲ್ಲಿ ಅಲ್ಲಲ್ಲಿ ಗಿಳಿಹಸಿರಿನ ಚೌಕಗಳು ಹೊಳೆಯುತ್ತವೆ. ಅವು ಹೌಸಿಂಗ್ ಸೊಸೈಟಿಗಳ ಲಾನ್‌ಗಳು. ಬೆಟ್ಟಕ್ಕೂ ಆ ಚೌಕಗಳಿಗೂ ಮಣ್ಣು ಒಂದೇ, ಮಳೆ ಒಂದೇ, ಬಿಸಿಲೂ ಒಂದೇ. ಬಣ್ಣ ಮಾತ್ರ ಬೇರೆ. ಆ ಬಣ್ಣವನ್ನು ಬೇರೆ ಮಾಡುವುದು ಟ್ಯಾಂಕರಿನ ನೀರು.

ನಾವಿರುವ ಸೊಸೈಟಿಯಲ್ಲೂ ಅಂಥದೊಂದು ಚೌಕವಿತ್ತು. ಅದನ್ನು ನೋಡಿಕೊಳ್ಳುವವರು ಅಫಜಲಪುರ ತಾಲ್ಲೂಕಿನಿಂದ ದುಡಿಯಲು ಬಂದು ಇಲ್ಲೇ ನೆಲೆಯಾದ ಹಿರಿಯರು. ಎಲ್ಲರಿಗೂ ಅವರು ಮಾಳಿಕಾಕಾ. ನನ್ನ ಬಾಯಲ್ಲಿ ಕನ್ನಡ ಕೇಳಿದ ದಿನದಿಂದ ನಾನು ಅವರಿಗೆ ಅಕ್ಕಾರ. ಒಂದು ಏಪ್ರಿಲ್ ಮಧ್ಯಾಹ್ನ ಪೈಪು ಹಿಡಿದು ನಿಂತಿದ್ದವರನ್ನು, ಬೆಳಿಗ್ಗೆಯೂ ಬಿಟ್ಟಿದ್ದೀರಲ್ಲ ಕಾಕಾ ಎಂದು ಕೇಳಿದೆ. "ಇದು ಹುಲ್ಲಲ್ಲರಿ ಅಕ್ಕಾರ, ಕೂಸು. ಒಂದಿನ ನೀರ ತಪ್ಪಿದ್ರ ಮಾರಿ ಬಾಡಸ್ತದ" ಎಂದರು. ಸ್ವಲ್ಪ ತಡೆದು, "ನಮ್ಮೂರಾಗ ಈಗ ಭೀಮಿ ಒಳಗ ಗಾಡಿ ಹೊಡಕೊಂಡ ಹೋಗಬಹುದ್ರಿ" ಎಂದರು. ಎರಡು ಮಾತಿಗೂ ಇರುವ ಸಂಬಂಧ ಅವರಿಗೆ ಗೊತ್ತಿತ್ತು. ನನಗೆ ತಿಳಿಯಲು ತುಸು ಹೊತ್ತು ಬೇಕಾಯಿತು.

ಮೊದಲು ಲೆಕ್ಕ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಪುಣೆಯ ಏಪ್ರಿಲ್-ಮೇ ಬಿಸಿಲು ಮತ್ತು ಒಣಗಾಳಿಯಲ್ಲಿ, ಹಸಿರಾಗಿಯೇ ಉಳಿಯಬೇಕಾದ ಲಾನ್ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರನ್ನು ಆವಿಯಾಗಿ ಬಿಡುತ್ತದೆ. ಐನೂರು ಚದರ ಮೀಟರಿನ ಲಾನ್ ಇದ್ದರೆ ದಿನಕ್ಕೆ 2,500 ಲೀಟರ್. ನಗರವಾಸಿ ಒಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಸಿಗಬೇಕೆಂಬುದು ನಮ್ಮ ದೇಶದ ಸರ್ಕಾರಿ ಮಾನದಂಡ. ಅಂದರೆ ಆ ಲಾನ್ ಒಂದೇ ಹದಿನೆಂಟು ಜನರ ಪಾಲಿನ ನೀರು ಕುಡಿಯುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ನಾಲ್ಕು ದಿನಕ್ಕೆ ಖಾಲಿ. ಮಾರ್ಚ್ ಆರಂಭದಿಂದ ಮಳೆ ಬರುವವರೆಗಿನ ನೂರು ದಿನಕ್ಕೆ ಇಪ್ಪತ್ತೈದು ಟ್ಯಾಂಕರ್. ಪೈಪಿನಿಂದ ಹಾಯಿಸುವಾಗ ಗಾಳಿಗೆ ಹಾರಿ ಹೋಗುವುದು, ಕಲ್ಲುಹಾಸಿನ ಮೇಲೆ ಹರಿದು ಮೋರಿ ಸೇರುವುದು ಈ ಲೆಕ್ಕಕ್ಕೆ ಬಂದಿಲ್ಲ. ಇಷ್ಟಾದರೂ ಆ ಹುಲ್ಲನ್ನು ದನ ಮೇಯುವುದಿಲ್ಲ, ಎಷ್ಟೋ ಕಡೆ ಮಕ್ಕಳು ಅದರ ಮೇಲೆ ಕಾಲಿಡುವಂತೆಯೂ ಇಲ್ಲ.

ಪುಣೆಗೆ ಮಳೆಯೇನು ಕಡಿಮೆಯೇ ಎಂದು ಕರಾವಳಿಯಿಂದ ಬಂದವರು ಕೇಳುವುದುಂಟು. ಲೋನಾವಳಾದ ಮಳೆ ನೋಡಿದವರಿಗೆ ಈ ಅನುಮಾನ ಸಹಜ. ಅಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುತ್ತದೆ. ಅಲ್ಲಿಂದ ಅರವತ್ತೈದು ಕಿಲೋಮೀಟರ್ ಪೂರ್ವಕ್ಕೆ, ಪುಣೆಯಲ್ಲಿ, ಅದು ಏಳುನೂರರಿಂದ ಏಳುನೂರೈವತ್ತರ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ನೂರು ಕಿಲೋಮೀಟರ್ ಹೋಗಿ ಬಾರಾಮತಿ ತಲುಪಿದರೆ ಐನೂರರ ಹತ್ತಿರ. ಮಳೆಮೋಡ ಸಹ್ಯಾದ್ರಿಯ ನೆತ್ತಿಯಲ್ಲೇ ತನ್ನ ಹೊರೆ ಇಳಿಸಿ, ಹಗುರಾಗಿ ಈ ಕಡೆ ಬರುತ್ತದೆ. ಬರುವುದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಉಳಿದ ಎಂಟು ತಿಂಗಳು ಪುಣೆ ಬದುಕುವುದು ಮುಖ್ಯವಾಗಿ ಪಶ್ಚಿಮದ ಮಳೆಯನ್ನು ಹಿಡಿದಿಟ್ಟ ನಾಲ್ಕು ಅಣೆಕಟ್ಟುಗಳಿಂದ: 1879ರ ಖಡಕ್‌ವಾಸಲಾ, ಆಮೇಲೆ ಬಂದ ಪಾನಶೇತ, ವರಸಗಾಂವ, ಟೆಮಘರ್. ನಾಲ್ಕೂ ತುಂಬಿದರೆ ಸುಮಾರು 29 ಟಿಎಂಸಿ. ಅದರಲ್ಲಿ ನಗರಕ್ಕೂ ಪಾಲು, ದೌಂಡ-ಇಂದಾಪುರದ ಹೊಲಗಳಿಗೂ ಪಾಲು. ಇಡೀ ದೇಶದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಳಿದು ಬಂದದ್ದು ಈ ಊರಿಗೇ. ಶಿವಾಜಿನಗರದ ಆ ಕಟ್ಟಡವನ್ನು ಹಳಬರು ಈಗಲೂ ಶಿಮ್ಲಾ ಆಫೀಸ್ ಎನ್ನುತ್ತಾರೆ. ಮಳೆಯನ್ನು ಅಷ್ಟು ಹತ್ತಿರದಿಂದ ಅಳೆದ ಊರು ಇದು. ಆದರೂ ಆ ಅಳತೆ ಉದ್ಯಾನದ ನಕಾಶೆಯೊಳಗೆ ಬಂದಿಲ್ಲ.

ಹಸಿರಿಲ್ಲದ ನೆಲ ಹಾಳುನೆಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಕೂತಿದೆ. ಬೋಳು ಗುಡ್ಡ ಕಂಡರೆ, ಹಿಂದೆ ಇಲ್ಲಿ ದಟ್ಟ ಕಾಡಿತ್ತು, ಮನುಷ್ಯ ಕಡಿದ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಕೆಲವು ಕಡೆ ಅದು ನಿಜ. ಪುಣೆಯ ಪೂರ್ವದ ಬಯಲಿನ ಮಟ್ಟಿಗೆ ಮಾತ್ರ ಈಚೆಗೆ ಬೇರೆಯ ಚಿತ್ರ ಸಿಕ್ಕಿದೆ. ಪುಣೆಯ ಐಸರ್ ಸಂಸ್ಥೆಯ ದಿಗ್ವಿಜಯ ಪಾಟೀಲ ಮತ್ತು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆಶಿಷ್ ನೆರ್ಲೇಕರ್ ಹದಿಮೂರನೇ ಶತಮಾನದಿಂದೀಚಿನ ಮರಾಠಿ ಕಥೆ, ಚರಿತ್ರೆ, ಭಕ್ತಿಸಾಹಿತ್ಯವನ್ನು ಜರಡಿ ಹಿಡಿದು, ಅಲ್ಲಿ ಬರುವ ಗಿಡಮರಗಳ ಹೆಸರು ಹೆಕ್ಕಿದರು. 2025ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅವುಗಳಲ್ಲಿ ಹೆಚ್ಚಿನವು ದಟ್ಟಕಾಡಿನವಲ್ಲ. ಜಾಲಿ, ಬಿಳಿಜಾಲಿ, ಮುತ್ತುಗದಂಥ ಬಯಲುಸೀಮೆಯ ಮರಗಳು. ಹುಲ್ಲು, ನಡುನಡುವೆ ಮುಳ್ಳಿನ ಮರ, ಮೇಯುವ ದನ: ಏಳುನೂರು ವರ್ಷದ ಹಿಂದೆಯೂ ಈ ನೆಲ ಹೆಚ್ಚುಕಡಿಮೆ ಹೀಗೇ ಇತ್ತು. ಬಾರಾಮತಿ ತಾಲ್ಲೂಕಿನ ಸುಪೆಯ ಬಳಿ ಮಯೂರೇಶ್ವರ ವನ್ಯಧಾಮ ಎಂಬ ಪುಟ್ಟ ರಕ್ಷಿತ ಪ್ರದೇಶವಿದೆ. ಚಿಂಕಾರಗಳು ಓಡಾಡುವ ಆ ಜಾಗ ಬೇಸಿಗೆಯಲ್ಲಿ ಪೂರಾ ಹಳದಿ. ಅಲ್ಲಿ ಕಾಡು ಸತ್ತುಹೋಗಿದೆ ಎಂದು ಯಾರೂ ಗೋಳಾಡಬೇಕಾಗಿಲ್ಲ. ಹುಲ್ಲುಗಾವಲು ಬದುಕುವ ಕ್ರಮವೇ ಅದು.

ಈ ಹಳದಿಯನ್ನು ಒಪ್ಪದೆ ಇದ್ದುದರ ಬೆಲೆಯನ್ನು ಪುಣೆಯ ಟೇಕಡಿಗಳು ತೆತ್ತಿವೆ. ಕೆಲವು ದಶಕಗಳ ಹಿಂದೆ ಈ ಬೆಟ್ಟಗಳನ್ನು ಹಸಿರು ಮಾಡಲು ಹೊರಟ ಅರಣ್ಯ ಇಲಾಖೆ ಆಯ್ದುಕೊಂಡದ್ದು ಗ್ಲಿರಿಸಿಡಿಯಾ. ನಮ್ಮ ರೈತರಿಗೆ ಇದು ಗೊಬ್ಬರದ ಗಿಡ. ಮೆಕ್ಸಿಕೊ, ಮಧ್ಯ ಅಮೆರಿಕ ಇದರ ತವರು. ಆಯ್ಕೆಗೆ ಕಾರಣಗಳಿದ್ದವು. ಟೊಂಗೆ ಊರಿದರೆ ಚಿಗುರುತ್ತದೆ, ಕಲ್ಲುಗರಸಿನಲ್ಲೂ ಬೇಗ ಬೆಳೆಯುತ್ತದೆ, ಬೇರಿನಲ್ಲಿ ಸಾರಜನಕ ಕಟ್ಟುತ್ತದೆ, ಬೆಟ್ಟದಲ್ಲಿ ಮೇಯುವ ದನಗಳು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಬರ ಬಂದರೆ ಸಾಯುವುದಿಲ್ಲ. ಬರ ತಾಳುವ ಗಿಡ ಎಂಬ ಪರೀಕ್ಷೆಯಲ್ಲಿ ಅದಕ್ಕೆ ನೂರಕ್ಕೆ ನೂರು ಅಂಕ. ಆದರೆ ಅದರ ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಎಂದು. ಮರಾಠಿಯಲ್ಲೂ ಉಂದಿರಮಾರಿ ಎಂಬ ಹೆಸರಿದೆ. ಅದರ ತೋಪಿನೊಳಗೆ ಸ್ಥಳೀಯ ಹುಲ್ಲು, ಪೊದೆ, ಸಸಿಗಳು ಮೇಲೇಳಲು ಕಷ್ಟಪಡುತ್ತವೆ. ಹಕ್ಕಿಗೆ ಹಣ್ಣಿಲ್ಲ, ಇಲ್ಲಿಯ ಕೀಟಗಳಿಗೆ ಒಗ್ಗಿದ ಎಲೆಯಿಲ್ಲ. ಪುಣೆಯ ಸಸ್ಯತಜ್ಞರು ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ. ಫೆಬ್ರವರಿ-ಮಾರ್ಚ್‌ನಲ್ಲಿ ಅದು ನಸುಗೆಂಪು ಹೂ ಬಿಟ್ಟಾಗ ಬೆಟ್ಟ ಚೆಲುವಾಗಿ ಕಾಣುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಕಡು ಬೇಸಿಗೆಯಲ್ಲಿ ಅದೂ ಎಲೆ ಉದುರಿಸಿ ನಿಲ್ಲುತ್ತದೆ. ಅಂದಮೇಲೆ ಹಸಿರೂ ದಕ್ಕಲಿಲ್ಲ, ಹುಲ್ಲುಗಾವಲೂ ಉಳಿಯಲಿಲ್ಲ.

ಇದು ನಮಗೆ ಹೊಸ ಕಥೆಯಲ್ಲ. ಕರ್ನಾಟಕದಲ್ಲಿ ಬರಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಎದೆಯೊಡ್ಡುವ ಮರ ಯಾವುದು ಎಂದು ಕೇಳಿದರೆ ಬಳ್ಳಾರಿ ಜಾಲಿ ಎನ್ನಬೇಕಾಗುತ್ತದೆ. ಅದು ಕೆರೆಯಂಗಳಗಳನ್ನೂ ಗೋಮಾಳಗಳನ್ನೂ ನುಂಗಿದ್ದನ್ನು ಬಯಲುಸೀಮೆಯವರು ಕಣ್ಣಾರೆ ಕಂಡಿದ್ದಾರೆ. ಆದ್ದರಿಂದ ನರ್ಸರಿಯವರು ಬರ ತಾಳುತ್ತದೆ ಎಂದ ಮಾತ್ರಕ್ಕೆ ಗಿಡವನ್ನು ಮನೆಗೆ ತರುವಂತಿಲ್ಲ. ನೀರಿಲ್ಲದೆ ಬದುಕುತ್ತದೆಯೇ ಎಂಬುದು ಮೊದಲ ಪ್ರಶ್ನೆ. ತಾನು ಬದುಕಿ ಇನ್ನೊಂದಕ್ಕೂ ಬದುಕಲು ಬಿಡುತ್ತದೆಯೇ ಎಂಬುದು ಎರಡನೆಯದು, ಅದಕ್ಕಿಂತ ದೊಡ್ಡದು.

ಈ ಪ್ರಸ್ಥಭೂಮಿಯ ಸ್ವಂತ ಗಿಡಗಳು ಬೇಸಿಗೆಯನ್ನು ದಾಟುವ ಉಪಾಯಗಳನ್ನು ನೋಡುತ್ತ ಹೋದರೆ ದಿನ ಸಾಲದು. ಮುತ್ತುಗ, ಬೂರುಗ, ಹಾಲಿವಾಣಗಳು ಎಲೆಯನ್ನೇ ಕಳಚಿಬಿಡುತ್ತವೆ. ನೀರು ಹೋಗುವ ಬಾಗಿಲುಗಳೆಲ್ಲ ಎಲೆಯಲ್ಲಿರುವುದರಿಂದ ಎಲೆಯನ್ನೇ ಬಿಟ್ಟುಕೊಡುವುದು ಜಾಣತನ. ಬರಿಗೊಂಬೆಯಲ್ಲಿ ಕೆಂಡದಂಥ ಹೂ ಬಿಡುವುದೂ ಅದೇ ಹೊತ್ತಿಗೆ. ಎಲೆಯ ಮರೆಯಿಲ್ಲದ್ದರಿಂದ ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ. ಎಕ್ಕ ಇನ್ನೊಂದು ದಾರಿ ಹಿಡಿದಿದೆ. ಎಲೆಯನ್ನು ಇಟ್ಟುಕೊಂಡೇ ಅದಕ್ಕೆ ಮೇಣದ ಪೊರೆಯನ್ನೂ ಬಿಳಿ ನವಿರನ್ನೂ ಹೊದೆಸಿ, ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಹೊರಗಿನಿಂದ ಬಂದು ಇಲ್ಲಿ ನೆಲೆಯೂರಿದ ಲೋಳೆಸರದಂಥವು ಹೊತ್ತನ್ನೇ ಬದಲಿಸಿವೆ. ಹಗಲು ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲವಾಗಿ ಕೂಡಿಟ್ಟುಕೊಂಡು, ಬೆಳಕು ಬಂದ ಮೇಲೆ ಅಡುಗೆ ಮಾಡುತ್ತವೆ. ಗೌರಿಹೂವಿನ ಬಳ್ಳಿ ಮಳೆ ಮುಗಿದದ್ದೇ ಗಡ್ಡೆಯೊಳಗೆ ಸೇರಿಕೊಂಡು ಮುಂದಿನ ಮಳೆಯವರೆಗೆ ಮಲಗುತ್ತದೆ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮಘಟ್ಟದ ಭಾಗವಾಗಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆಗಸ್ಟ್-ಸೆಪ್ಟೆಂಬರ್‌ನ ಅದರ ಹೂವಿನ ಚಿತ್ರಗಳನ್ನು ನೋಡದವರಿಲ್ಲ. ಅದೇ ಜಾಗಕ್ಕೆ ಮೇ ತಿಂಗಳಲ್ಲಿ ಹೋದರೆ ಕಾಣುವುದು ಬರೀ ಕಲ್ಲು. ಹೂವೆಲ್ಲ ಬೀಜವಾಗಿ, ಗಡ್ಡೆಯಾಗಿ ಆ ಕಲ್ಲಿನ ಬಿರುಕಿನಲ್ಲೇ ಇರುತ್ತವೆ. ಆಗ ಯಾರಾದರೂ ಪಾಪ ಒಣಗಿದೆಯಲ್ಲ ಎಂದು ನೀರು ಹಾಯಿಸಿ ಲಾನ್ ಹಾಸಿದರೆ ಕಾಸ್ ಮತ್ತೆ ಕಾಸ್ ಆಗುವುದಿಲ್ಲ.

ಶಿವಾಜಿ ಹುಟ್ಟಿದ ಶಿವನೇರಿ ಕೋಟೆ ಪುಣೆ ಜಿಲ್ಲೆಯ ಜುನ್ನರಿನಲ್ಲಿದೆ. ಅದರ ಕಡಿದಾದ ಬಂಡೆಯ ಮೈಯಲ್ಲಿ ಅಪರೂಪದ ಪುಟ್ಟ ಗಿಡವೊಂದು ಬೆಳೆಯುತ್ತದೆ. ಮರಾಠಿಯಲ್ಲಿ ಶಿಂದಳ ಮಾಕಡಿ, ಶಾಸ್ತ್ರದಲ್ಲಿ ಫ್ರೇರಿಯಾ ಇಂಡಿಕಾ. ಹತ್ತೊಂಬತ್ತನೇ ಶತಮಾನದಲ್ಲಿ ಡಾಲ್ಜೆಲ್ ಎಂಬ ಸಸ್ಯಶಾಸ್ತ್ರಜ್ಞ ಮುಂಬಯಿಯ ಗವರ್ನರ್ ಬಾರ್ಟಲ್ ಫ್ರೇರ್‌ನ ಹೆಸರನ್ನು ಅದಕ್ಕಿಟ್ಟ. ಮಹಾರಾಷ್ಟ್ರದ ಸಹ್ಯಾದ್ರಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ದಪ್ಪ ಕಾಂಡದಲ್ಲೇ ಜೀವ ಹಿಡಿದಿರುತ್ತದೆ, ಮಳೆಗೆ ಚಿಗುರಿ ಹಳದಿ ಚುಕ್ಕಿಯ ಕಡುಕೆಂಪು ನಕ್ಷತ್ರದಂಥ ಹೂ ಬಿಡುತ್ತದೆ. ಅದನ್ನು ಕಿತ್ತು ತಂದು ಕುಂಡದಲ್ಲಿಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅದು ಬಂಡೆಯ ಮೇಲೇ ಇರಲಿ. ಪಿಂಗಾಣಿ ಕುಂಡದ ವಿದೇಶಿ ಸಕ್ಯುಲೆಂಟ್‌ಗೆ ನೂರಾರು ರೂಪಾಯಿ ಕೊಡುವ ನಮಗೆ, ನೀರಿಲ್ಲದೆ ಬದುಕುವ ವಿದ್ಯೆಯ ಇಂಥ ಗುರು ನಮ್ಮ ಜಿಲ್ಲೆಯ ಕೋಟೆಗೋಡೆಯಲ್ಲೇ ಇದೆಯೆಂಬುದು ಗೊತ್ತಿರಬೇಕು ಎಂದಷ್ಟೇ.

ಹಾಗಾದರೆ ಅಂಗಳಕ್ಕೆ ಏನು ತರಬೇಕು? ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಮಂಡಯಿ ಮಾರುಕಟ್ಟೆಯಲ್ಲಿ. ಗಣೇಶ ಚೌತಿಯ ಹಿಂದಿನ ದಿನ ಪುಣೆಯ ಮಹಾತ್ಮಾ ಫುಲೆ ಮಂಡಯಿಯ ಸುತ್ತ ಪತ್ರಿ ಮಾರುವವರು ಕೂತಿರುತ್ತಾರೆ. ಬಾಳೆಎಲೆಯ ತುಂಡಿನಲ್ಲಿ ಕಟ್ಟಿದ ಹಸಿರು ಸೊಪ್ಪಿನ ಪುಟ್ಟ ಕಂತೆ. ನಮ್ಮಲ್ಲೂ ಏಕವಿಂಶತಿ ಪತ್ರಪೂಜೆ ಎಂದು ಇಪ್ಪತ್ತೊಂದು ಎಲೆ ಏರಿಸುವ ಪದ್ಧತಿಯಿದೆ. ಪಟ್ಟಿ ಊರಿಂದೂರಿಗೆ ಅಷ್ಟಿಷ್ಟು ಬದಲಾಗುತ್ತದೆ. ಕಂತೆ ಬಿಡಿಸಿ ಹೆಸರು ಹೇಳುತ್ತ ಹೋದೆ: ಗರಿಕೆ, ಬಿಲ್ವ, ಬೋರೆ, ಎಕ್ಕ, ಬನ್ನಿ, ಲಕ್ಕಿ, ಕಣಗಿಲೆ, ಉತ್ತರಾಣಿ, ಅರಳಿ, ಹೊಳೆಮತ್ತಿ. ಕೈ ತಡೆಯಿತು. ಇವುಗಳಲ್ಲಿ ಬಹುಪಾಲು ಬಯಲಿನ ಬಿಸಿಲಿಗೆ, ಕಲ್ಲುಮಣ್ಣಿಗೆ, ಎಂಟು ತಿಂಗಳ ಒಣಹವೆಗೆ ಒಗ್ಗಿದ ಗಿಡಗಳು. ಬೇಲಿಯಲ್ಲಿ, ಬದುವಿನಲ್ಲಿ, ಹಾಳುಗೋಡೆಯ ಬದಿಯಲ್ಲಿ ತಾವಾಗಿ ಹುಟ್ಟಿದವನ್ನು ನಮ್ಮ ಹಿರಿಯರು ವರ್ಷಕ್ಕೊಮ್ಮೆ ಹೆಸರಿಟ್ಟು ಕರೆದು ದೇವರಿಗೆ ಮುಟ್ಟಿಸುತ್ತಿದ್ದರು. ಲ್ಯಾಂಡ್‌ಸ್ಕೇಪ್ ವಿನ್ಯಾಸಕರಿಗೆ ಇದಕ್ಕಿಂತ ಒಳ್ಳೆಯ ಗಿಡಗಳ ಯಾದಿ ಬೇಕಿಲ್ಲ. ಆ ಯಾದಿಯನ್ನು ಕೊಂಡು, ಪೂಜಿಸಿ, ಮರುದಿನ ನಿರ್ಮಾಲ್ಯದ ಬುಟ್ಟಿಗೆ ಹಾಕಿ, ಅಂಗಳದಲ್ಲಿ ಮಾತ್ರ ಮೆಕ್ಸಿಕನ್ ಲಾನಿಗೆ ನೀರು ಬಿಡುತ್ತಿದ್ದೇವೆ.

ಈ ಯಾದಿಯನ್ನು ಹಿಡಿದು ಒಂದು ಸೊಸೈಟಿಯ ಅಂಗಳವನ್ನು ಮನಸ್ಸಿನಲ್ಲಿ ಕಟ್ಟಬಹುದು. ನಡುವಿನ ಬಯಲಿಗೆ ಗರಿಕೆ. ಮರಾಠಿಯ ಹರಾಳಿ, ಗಣಪತಿಯ ದೂರ್ವೆ ಇದೇ. ಮಳೆಗಾಲದಲ್ಲಿ ದಟ್ಟ ಹಸಿರು, ಚಳಿಗಾಲದಲ್ಲಿ ಮಂಕು, ಬೇಸಿಗೆಯಲ್ಲಿ ನೀರು ಕೊಡದಿದ್ದರೆ ಮೇಲೆಲ್ಲ ಒಣಗಿ ನೆಲದೊಳಗಿನ ಗೆಣ್ಣುಗಳಲ್ಲಿ ಜೀವ ಹಿಡಿದಿರುತ್ತದೆ. ಮೊದಲ ಮಳೆಗೆ ಚಿಗುರುತ್ತದೆ, ಮಕ್ಕಳು ಆಡಿದರೂ ತಾಳಿಕೊಳ್ಳುತ್ತದೆ. ಕಾಂಪೌಂಡಿನ ಉದ್ದಕ್ಕೆ ಲಕ್ಕಿ, ಆಡುಸೋಗೆ, ಗೋರಂಟೆ. ಲಕ್ಕಿಯ ನೇರಳೆ ತೆನೆಗೆ ಜೇನು ಮುತ್ತುತ್ತದೆ. ಗೋರಂಟೆ ಮಳೆ ಹಿಂದೆಗೆಯುವ ಹೊತ್ತಿಗೆ, ಎಲ್ಲರ ಹೂವೂ ಮುಗಿಯುವಾಗ, ತನ್ನ ಹಳದಿಯನ್ನು ತೆರೆಯುತ್ತದೆ. ಬಿಸಿಲು ಹೊಡೆಯುವ ಪಶ್ಚಿಮದ ಇಳಿಜಾರಿಗೆ ತಂಗಡಿ, ಬಂದರಿಕೆ. ನೀರು ಹರಿದು ಬರುವ ತಗ್ಗಿಗೆ ಲಾವಂಚ ಮತ್ತು ಹೊಳೆಮತ್ತಿ. ನೆರಳಿಗೆ ಹೊಂಗೆ, ಬೇವು, ಏಪ್ರಿಲ್-ಮೇನಲ್ಲಿ ಚಿನ್ನದ ಗೊಂಚಲು ಇಳಿಬಿಡುವ ಕಕ್ಕೆ. ಮೂಲೆಗೊಂದು ಆಪಟಾ. ದಸರೆಗೆ ನಾವು ಬನ್ನಿ ಕೊಟ್ಟು ಬಂಗಾರವಾಗೋಣ ಎನ್ನುವಂತೆ ಪುಣೆಯವರು ಆಪಟಾದ ಸೀಳೆಲೆ ಕೊಟ್ಟು, ಸೋನ ತಗೊಳ್ಳಿ ಎನ್ನುತ್ತಾರೆ. ಹಬ್ಬದ ಹಿಂದಿನ ದಿನ ಬೆಟ್ಟದ ಮರಗಳಿಂದ ಮುರಿದು ತಂದ ರೆಂಬೆಗಳ ರಾಶಿ ಬೀದಿಗೆ ಬರುತ್ತದೆ. ಅಂಗಳದಲ್ಲೇ ಒಂದು ಮರ ಇದ್ದರೆ ಬೆಟ್ಟದ ಮರ ಉಳಿಯುತ್ತದೆ. ಎರಡು ಎಚ್ಚರಿಕೆ ಹೇಳಬೇಕು. ಕಣಗಿಲೆಯ ಎಲೆ, ಹೂ, ಕೊಂಬೆ ಎಲ್ಲವೂ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳು ಆಡುವ ಕಡೆ ಇವೆರಡೂ ಬೇಡ, ದೂರದ ಅಂಚಿಗಿರಲಿ.

ನೆಟ್ಟ ದಿನದಿಂದಲೇ ಸ್ಥಳೀಯ ಗಿಡಕ್ಕೆ ನೀರು ಬೇಡ ಎಂದು ತಿಳಿದು ಎಷ್ಟೋ ಕಡೆ ಸಸಿ ಕೊಂದಿದ್ದಾರೆ. ಪಾಲಿಥಿನ್ ಚೀಲದಲ್ಲಿ ಬೆಳೆದ ಸಸಿಯ ಬೇರು ಗೇಣುದ್ದವಷ್ಟೆ. ಜೂನ್-ಜುಲೈನಲ್ಲಿ ನೆಟ್ಟು, ಮೊದಲ ಎರಡು-ಮೂರು ಬೇಸಿಗೆ ಕೈಹಿಡಿದು ನಡೆಸಬೇಕು. ನಡೆಸುವುದಕ್ಕೂ ಕ್ರಮವಿದೆ. ದಿನಾ ಚಿಮುಕಿಸಿದರೆ ನೀರು ಮೇಲಿನ ಎರಡಿಂಚು ಮಣ್ಣಿನಲ್ಲೇ ನಿಲ್ಲುತ್ತದೆ, ಬೇರೂ ಅಲ್ಲೇ ಸುತ್ತುತ್ತದೆ, ಒಂದು ವಾರ ನೀರು ತಪ್ಪಿದರೆ ಗಿಡ ಸಾಯುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬುಡದ ಪಾತಿ ತುಂಬ ಹಾಯಿಸಿದರೆ ನೀರು ಆಳಕ್ಕೆ ಇಳಿಯುತ್ತದೆ, ಬೇರು ಅದನ್ನು ಹುಡುಕಿಕೊಂಡು ಹೋಗುತ್ತದೆ. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆಯ ಹೊದಿಕೆ ಬೇಕು. ಪುಣೆಯಲ್ಲಿ ಚಳಿಗಾಲದ ಬೆಳಿಗ್ಗೆ ರಸ್ತೆಬದಿ ತರಗೆಲೆ ಗುಡ್ಡೆ ಹಾಕಿ ಸುಡುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಮಣ್ಣಿನ ತಂಪನ್ನೂ ಮುಂದಿನ ವರ್ಷದ ಗೊಬ್ಬರವನ್ನೂ ಒಟ್ಟಿಗೇ ಹೊಗೆ ಮಾಡುತ್ತಿದ್ದೇವೆ.

ಮಣ್ಣಿನ ವಿಷಯದಲ್ಲೂ ಒಂದು ಮೋಹವಿದೆ. ಪುಣೆಯ ನೆಲ ಕರಿಕಲ್ಲು ಸವೆದು ಆದ ಗರಸು, ತಗ್ಗಿನಲ್ಲಿ ಎರೆ. ಉದ್ಯಾನ ಮಾಡುವಾಗ ಅದನ್ನು ಕೆಟ್ಟದ್ದೆಂದು ತೆಗೆದು ಘಟ್ಟದ ಕಡೆಯಿಂದ ಲಾರಿಗಟ್ಟಲೆ ಕೆಂಪು ಮಣ್ಣು ತಂದು ಹರವುತ್ತಾರೆ. ಅಲ್ಲೊಂದು ಗುಡ್ಡ ಬೋಳಾಗುತ್ತದೆ, ಇಲ್ಲಿ ಆ ಮಣ್ಣಿಗೆ ಒಗ್ಗುವ, ನೀರು ಬೇಡುವ ಗಿಡ ಬರುತ್ತವೆ. ಗರಸಿಗೆ ಕಾಂಪೋಸ್ಟ್ ಬೆರೆಸಿದರೆ ಈ ನೆಲದ ಗಿಡಗಳಿಗೆ ಅಷ್ಟೇ ಸಾಕು. ಸೊಸೈಟಿಯ ಶುದ್ಧೀಕರಣ ಘಟಕದ ನೀರಿನಲ್ಲಿ ಲವಣ ಹೆಚ್ಚಿರುವುದುಂಟು. ಅದನ್ನು ತಾಳುವ ಕಣಗಿಲೆ, ಹೊಂಗೆ, ಬೇವಿಗೆ ಆ ನೀರು ಹೋಗಲಿ.

ಒಣ ಉದ್ಯಾನ ಎಂದರೆ ಬಿಳಿ ಹರಳುಕಲ್ಲು ಸುರಿದು ನಾಲ್ಕು ಭೂತಾಳೆ ನಿಲ್ಲಿಸುವುದಲ್ಲ. ಪುಣೆಯ ಹೊಸ ಟವರ್‌ಗಳ ಮುಂದೆ ಈ ನಮೂನೆ ಹೆಚ್ಚುತ್ತಿದೆ. ಹಗಲೆಲ್ಲ ಕಾದ ಕಲ್ಲು ಸಂಜೆ ಆ ಕಾವನ್ನು ಕಿಟಕಿಗಳಿಗೆ ಹಿಂದಿರುಗಿಸುತ್ತದೆ. 1981ರಲ್ಲಿ ಅಮೆರಿಕದ ಡೆನ್ವರ್ ನಗರದ ಜಲಮಂಡಳಿ ಒಣಪ್ರದೇಶದ ಉದ್ಯಾನಕ್ಕೆ ಝೆರಿಸ್ಕೇಪ್ ಎಂಬ ಹೊಸ ಪದ ಕಟ್ಟಿತು. ಅವರು ಹೇಳಿದ್ದೂ ನೀರಿನ ಅಗತ್ಯಕ್ಕೆ ತಕ್ಕಂತೆ ಗಿಡಗಳನ್ನು ಗುಂಪು ಮಾಡಿ, ಮಣ್ಣು ಸುಧಾರಿಸಿ, ಹೊದಿಕೆ ಹಾಕಿ, ಲಾನ್ ಬೇಕಾದಷ್ಟೇ ಇಟ್ಟುಕೊಳ್ಳಿ ಎಂದು. ಕಲ್ಲು ಸುರಿಯಿರಿ ಎಂದಲ್ಲ.

ಉದ್ಯಾನ ಬರೀ ಬರದ ವಿಷಯವೂ ಅಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ದಕ್ಷಿಣದ ಬೆಟ್ಟಗಳ ಮೇಲೆ ಸುರಿದ ಮಳೆ ಆಂಬಿಲ್ ಓಢಾ ಎಂಬ ಹಳ್ಳದಲ್ಲಿ ಉಕ್ಕಿ, ಮನೆಗಳಿಗೆ ನುಗ್ಗಿ, ಇಪ್ಪತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಎರಡು ತಿಂಗಳಾಗುವ ಹೊತ್ತಿಗೆ, ಅದೇ ನವೆಂಬರಿನಲ್ಲಿ, ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಬಂತು. ನೂರು ಚದರ ಮೀಟರಿನ ಚಾವಣಿಯ ಮೇಲೆ ಪುಣೆಯ ಒಂದು ಮಳೆಗಾಲದಲ್ಲಿ ಎಪ್ಪತ್ತು ಸಾವಿರ ಲೀಟರ್ ಬೀಳುತ್ತದೆ. ಅದನ್ನು ಹಿಡಿದು ಅಂಗಳದ ತಗ್ಗಿಗೆ ತಿರುಗಿಸಿ, ಲಾವಂಚದ ಬೇರಿನ ನಡುವೆ ಒಂದು ರಾತ್ರಿ ನಿಲ್ಲಿಸಿದರೆ ಅಷ್ಟು ನೀರು ಓಢಾಕ್ಕೆ ನುಗ್ಗುವುದಿಲ್ಲ. ಕರಿಕಲ್ಲಿನ ಬಿರುಕು ಹಿಡಿದು ಒಳಗೆ ಇಳಿದರೆ ಯಾವುದೋ ಬೋರ್‌ವೆಲ್ಲಿಗೆ ಜನವರಿಯಲ್ಲಿ ಸಿಗುತ್ತದೆ. ಅಂಗಳ ಕಟ್ಟುವವರು ಗಿಡದ ಜತೆಗೆ ಇಳಿಜಾರನ್ನೂ ಕಟ್ಟಬೇಕು.

ಇದನ್ನೆಲ್ಲ ಸೊಸೈಟಿಯ ಸಭೆಯಲ್ಲಿ ಹೇಳಿದಾಗ ಮೊದಲು ಬಂದ ಪ್ರಶ್ನೆ, ಮೇನಲ್ಲಿ ಒಣಗಿದರೆ ಫ್ಲ್ಯಾಟಿನ ಬೆಲೆ ಇಳಿಯುವುದಿಲ್ಲವೇ ಎಂದು. ಉತ್ತರ ಕೊಡಲು ನನಗೆ ನೆನಪಾದದ್ದು ವಿಲಾಸರಾವ್ ಸಾಳುಂಖೆ. ಪುಣೆಯ ಇಂಜಿನಿಯರ್, ಕಾರ್ಖಾನೆ ನಡೆಸುತ್ತಿದ್ದವರು. 1972ರ ಭೀಕರ ಬರ ಕಂಡ ಮೇಲೆ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವಕ್ಕೆ ಹೋಗಿ, ಬರಡು ಜಮೀನಿನಲ್ಲಿ ಮಳೆನೀರು ನಿಲ್ಲಿಸುವ ಪ್ರಯೋಗ ಮಾಡಿ, ಪಾಣಿ ಪಂಚಾಯತ್ ಎಂಬ ವ್ಯವಸ್ಥೆ ಕಟ್ಟಿದರು. ಅದರ ಕಟ್ಟಳೆಗಳು ಈಗಲೂ ಮೈ ಜುಮ್ಮೆನಿಸುತ್ತವೆ. ನೀರಿನ ಪಾಲು ಜಮೀನಿನ ಮೇಲಲ್ಲ, ತಲೆಯ ಮೇಲೆ. ತಲೆಗೆ ಅರ್ಧ ಎಕರೆಗೆ ಸಾಲುವಷ್ಟು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆ. ಭೂಮಿಯಿಲ್ಲದವರಿಗೂ ಪಾಲುಂಟು. ಕಬ್ಬು ಬೆಳೆಯುವಂತಿಲ್ಲ. ಕಬ್ಬಿನಿಂದ ಲಾಭವಿಲ್ಲವೆಂದು ಅವರು ಬೇಡವೆಂದದ್ದಲ್ಲ. ಒಬ್ಬನ ಕಬ್ಬು ಹತ್ತು ಜನರ ಜೋಳದ ನೀರು ಕುಡಿಯುತ್ತದೆ ಎಂದು. ಸೊಸೈಟಿಯ ಲಾನ್ ನಗರದ ಕಬ್ಬು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದಿತು. ದಂಡಕ್ಕೆ ಹೆದರಿ ಬಿಡುವ ಮೊದಲು ಪಾಲಿನ ಲೆಕ್ಕಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು.

ಮಾಳಿಕಾಕಾ ಹೇಳಿದ ಭೀಮೆಯ ಮಾತಿಗೆ ಬರುತ್ತೇನೆ. ಖಡಕ್‌ವಾಸಲಾದಿಂದ ಇಳಿಯುವ ಮುಠಾ ಪುಣೆಯ ಸಂಗಮದಲ್ಲಿ ಮುಳೆಯನ್ನು ಕೂಡಿ, ಮುಳಾ-ಮುಠಾ ಆಗಿ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟಿನಲ್ಲಿ ನಿಂತು, ಪಂಢರಪುರ ದಾಟಿ, ಗಡಿಯ ಈಚೆ ಬಂದು ಅಫಜಲಪುರದ ಹೊಲಗಳಿಗೆ, ಗಾಣಗಾಪುರದ ಸಂಗಮಕ್ಕೆ, ಸನ್ನತಿಗೆ ಹೋಗಿ ಕೊನೆಗೆ ರಾಯಚೂರಿನ ಬಳಿ ಕೃಷ್ಣೆಯಲ್ಲಿ ಸೇರುತ್ತದೆ. ಪುಣೆಯ ಅಂಗಳದಲ್ಲಿ ಆವಿಯಾಗುವ ನೀರು ಇದೇ ನದಿಯದು. ಬೇಸಿಗೆ ಬಂತೆಂದರೆ ಉಜನಿಯಿಂದ ಭೀಮೆಗೆ ನೀರು ಬಿಡಿಸಿ ಎಂದು ಕಲಬುರಗಿ, ವಿಜಯಪುರದ ಜನ ಕೇಳುತ್ತಾರೆ. ಪುಣೆಯ ಲಾನ್‌ಗಳೆಲ್ಲ ಒಣಗಿದರೆ ಭೀಮೆ ತುಂಬಿ ಹರಿಯುತ್ತದೆಂದು ನಾನು ಹೇಳುವುದಿಲ್ಲ. ಕಬ್ಬು, ಕಾರ್ಖಾನೆ, ನಗರದ ಕೊಳಚೆ, ಎಷ್ಟೋ ದೊಡ್ಡ ಲೆಕ್ಕಗಳು ನಡುವೆ ಇವೆ. ಆದರೆ ತನ್ನೂರಿನ ನದಿಯ ನೀರನ್ನು ನದಿ ಊರಿಗೆ ತಲುಪುವ ಮೊದಲೇ ಕೂಲಿಗೆ ನಿಂತು ಹುಲ್ಲಿಗೆ ಚೆಲ್ಲಬೇಕಾದ ಒಬ್ಬ ಮನುಷ್ಯ ನಮ್ಮ ಗೇಟಿನೊಳಗಿದ್ದ. ಅದು ನನಗೆ ಸಣ್ಣದಾಗಿ ಕಾಣಲಿಲ್ಲ.

ಎರಡು ವರ್ಷದ ವಾದದ ನಂತರ ಲಾನಿನ ಬಹುಪಾಲು ಗರಿಕೆಗೆ ಹೋಯಿತು. ಮಕ್ಕಳ ಜಾರುಬಂಡಿಯ ಸುತ್ತ ಒಂದು ಸಣ್ಣ ಚೌಕ ಹಸಿರಾಗಿಯೇ ಇರಲಿ ಎಂದು ಒಪ್ಪಿಕೊಂಡೆವು, ಅದು ಸರಿಯೂ ಹೌದು. ಅಂಚಿಗೆ ಲಕ್ಕಿ, ಗೋರಂಟೆ ಬಂದವು, ಗೇಟಿನ ಬಳಿ ಒಂದು ಆಪಟಾ. ಮೊದಲ ಮೇನಲ್ಲಿ ಅಂಗಳ ಕಂದಾದಾಗ ಕೆಲವರು ಮುಖ ತಿರುಗಿಸಿದರು. ಜೂನಿನ ಎರಡು ಮಳೆಗೆ ಅದು ಹಸಿರಾದಾಗ ಯಾರೂ ಏನೂ ಹೇಳಲಿಲ್ಲ. ಆಪಟಾಕ್ಕೆ ಮಾತ್ರ ಕಾಕಾ ಎರಡು ಬೇಸಿಗೆ ತಪ್ಪದೆ ವಾರಕ್ಕೊಮ್ಮೆ ಪಾತಿ ತುಂಬಿದರು.

ಈ ಮೇ ತಿಂಗಳು, ಬಿಸಿಲು ಏರುವ ಹೊತ್ತಿಗೆ, ಅವರು ಆ ಗಿಡದ ಬುಡದಲ್ಲಿ ಕೂತು ತರಗೆಲೆಯನ್ನು ಬೆರಳಿನಿಂದ ಸರಿಸಿ ಮಣ್ಣು ಮುಟ್ಟಿ ನೋಡುತ್ತಿದ್ದರು. ನೀರು ಬಿಡುವುದಿಲ್ಲವೇ ಕಾಕಾ ಎಂದೆ.

"ಈ ವರ್ಸ ಬ್ಯಾಡ್ರಿ ಅಕ್ಕಾರ" ಎಂದರು. "ಬೇರ ಕೆಳಗ ಮುಟ್ಯಾದ. ಇನ್ನ ಅದರದ ಅದ ನೋಡ್ಕೊತದ."

ತರಗೆಲೆಯನ್ನು ಮತ್ತೆ ಬುಡಕ್ಕೆ ಎಳೆದು ಮುಚ್ಚಿ, ಪೈಪು ಸುತ್ತಿ ಹೆಗಲಿಗೆ ಹಾಕಿಕೊಂಡು ಎದ್ದರು.